ವಾನ್‌ಹೆಂಗ್‌ನ 54 ಗೆಲುವು: ಜೋಡಿ ಕಟ್ಟಿದವರ ಲೆಕ್ಕವನ್ನೂ ಕೇಳಿ

ಪ್ರಶ್ನೆ: ಬಾಕ್ಸಿಂಗ್ ಅಂದರೆ ಎಲ್ಲರೂ ಅಮೆರಿಕದ ಫ್ಲಾಯ್ಡ್ ಮೇವೆದರ್‌ನ 50-0 (50 ಗೆಲುವು, ಸೊನ್ನೆ ಸೋಲು) ಬಗ್ಗೆಯೇ ಮಾತಾಡುತ್ತಾರೆ. ಥಾಯ್ಲೆಂಡಿನ ವಾನ್‌ಹೆಂಗ್ ಮೆನಯೋಥಿನ್ ಎಂಬ ಬಾಕ್ಸರ್ ಒಂದೂ ಸೋಲಿಲ್ಲದೆ 54 ಗೆದ್ದಿದ್ದ ಎಂದು ಓದಿದೆ. ಹಾಗಿದ್ದರೆ ಅವನ ಹೆಸರು ಯಾರ ಬಾಯಲ್ಲೂ ಯಾಕಿಲ್ಲ? ನನ್ನ ಗೆಳೆಯ, "ಅದು ಸೊಳ್ಳೆ ತೂಕದವರ ಆಟ. ಸೋಲೋಕೆ ಅಂತಲೇ ಕರೆಸಿದವರಿಗೆ ಹೊಡೆದು ಲೆಕ್ಕ ಬೆಳೆಸಿದ್ದು" ಅಂತಾನೆ. ಅವನು ಹೇಳೋದು ಸರಿಯೇ?

ಉತ್ತರ: ತೂಕದ ವಿಷಯದಲ್ಲಿ ನಿಮ್ಮ ಗೆಳೆಯ ಪೂರ್ತಿ ತಪ್ಪು. ಎದುರಾಳಿಗಳ ವಿಷಯದಲ್ಲಿ ಮುಕ್ಕಾಲು ಸರಿ. ಉಳಿದ ಕಾಲು ಭಾಗ ಇದೆಯಲ್ಲ, ವಾನ್‌ಹೆಂಗ್‌ನ ಬಂಡವಾಳವೆಲ್ಲ ಅಲ್ಲೇ ಇರುವುದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರಿನಿಂದ ಶುರು ಮಾಡೋಣ, ಥಾಯ್ ಬಾಕ್ಸಿಂಗ್ ನಡೆಯುವ ರೀತಿ ಅರ್ಧ ಅಲ್ಲೇ ತಿಳಿಯುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಚಯಫೋನ್ ಮೂನ್‌ಸ್ರಿ. ಥಾಯ್ ಉಚ್ಚಾರದ ಪೊರೆ ಸುಲಿದರೆ ಒಳಗೆ ಸಿಗುವುದು ಜಯಬಲ, ಮೂಲಶ್ರೀ! ಹುಟ್ಟಿದ್ದು 1985ರ ಅಕ್ಟೋಬರಿನಲ್ಲಿ, ಈಶಾನ್ಯ ಥಾಯ್ಲೆಂಡಿನ ಮಹಾ ಸಾರಖಾಮ್ ಪ್ರಾಂತ್ಯದಲ್ಲಿ. ಆ ದೇಶದ ಬಾಕ್ಸರ್‌ಗಳಲ್ಲಿ ದೊಡ್ಡ ಪಾಲು ಬರುವುದು ಮಳೆಯನ್ನೇ ನಂಬಿ ಭತ್ತ ಬೆಳೆಯುವ ಈ ಸೀಮೆಯಿಂದ. 'ವಾನ್‌ಹೆಂಗ್' ರಿಂಗಿಗಾಗಿ ಇಟ್ಟುಕೊಂಡ ಹೆಸರು, ಅದೃಷ್ಟದ ದಿನ ಎಂದರ್ಥ. ಕೊನೆಯ ಪದದಲ್ಲಿರುವ 'ಯೋಥಿನ್' ನಮ್ಮ ಯೋಧನೇ.

ಥಾಯ್ ಬಾಕ್ಸರ್ ತನ್ನ ಹೆಸರಿನ ಮುಂದೆ ಸಾಮಾನ್ಯವಾಗಿ ತಾನು ಕಲಿತ ಗರಡಿಯ ಹೆಸರನ್ನೋ, ಹಣ ಹಾಕುವ ಕಂಪನಿಯ ಹೆಸರನ್ನೋ ಹೊತ್ತಿರುತ್ತಾನೆ. ಪ್ರಾಯೋಜಕ ಬದಲಾದರೆ ಹೆಸರೂ ಬದಲು. ವಾನ್‌ಹೆಂಗ್ ಬಹಳ ಕಾಲ ಆಡಿದ್ದು 'ಕೈಯಾಂಗ್ ಹಾ ದಾವ್ ಜಿಮ್' ಹೆಸರಿನಲ್ಲಿ. ಕೈಯಾಂಗ್ ಅಂದರೆ ಸುಟ್ಟ ಕೋಳಿ, ಹಾ ದಾವ್ ಅಂದರೆ ಐದು ನಕ್ಷತ್ರ. ಬೆಂಗಳೂರಿನ ರಸ್ತೆ ಬದಿಯಲ್ಲಿ ಫೈವ್ ಸ್ಟಾರ್ ಚಿಕನ್ ಅಂಗಡಿ ನೋಡಿದ್ದೀರಲ್ಲ? ಥಾಯ್ಲೆಂಡಿನ ಅದೇ ಸಿಪಿ ಕಂಪನಿಯ ಅದೇ ಬ್ರ್ಯಾಂಡ್. ನಾವು ಸಂಜೆ ಕರಿದ ಚಿಕನ್ ತಿನ್ನುವ ಬೋರ್ಡಿನ ಹೆಸರನ್ನೇ ಸೊಂಟದ ಪಟ್ಟಿಯಲ್ಲಿ ಬರೆಸಿಕೊಂಡು ಈತ ವಿಶ್ವ ಚಾಂಪಿಯನ್ ಆದ. ಕಂಪನಿಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈಗ ತೂಕ. ವಾನ್‌ಹೆಂಗ್ ಆಡಿದ್ದು ಮಿನಿಮಮ್‌ವೇಟ್‌ನಲ್ಲಿ, ಅಂದರೆ ವೃತ್ತಿಪರ ಬಾಕ್ಸಿಂಗಿನ ಅತಿ ಕೆಳಗಿನ ವರ್ಗದಲ್ಲಿ. ಮಿತಿ 105 ಪೌಂಡ್, ಹೆಚ್ಚುಕಡಿಮೆ 47.6 ಕಿಲೋ. 50 ಕಿಲೋ ಅಕ್ಕಿ ಮೂಟೆಗಿಂತ ಹಗುರ. 1987ರಲ್ಲಷ್ಟೇ ಹುಟ್ಟಿದ ವರ್ಗ ಇದು. ವಿಶ್ವ ಬಾಕ್ಸಿಂಗ್ ಕೌನ್ಸಿಲ್, ಅಂದರೆ ಡಬ್ಲ್ಯೂಬಿಸಿ (ಡಬ್ಲ್ಯೂಬಿಎ, ಐಬಿಎಫ್, ಡಬ್ಲ್ಯೂಬಿಒ ಕೂಡ ಹೀಗೇ ತಂತಮ್ಮ ವಿಶ್ವ ಪಟ್ಟದ ಬೆಲ್ಟ್ ಕೊಡುವ ಸಂಸ್ಥೆಗಳು), ಈ ತೂಕದ ಮೊದಲ ಬೆಲ್ಟ್ ಇಟ್ಟಾಗ ಕಾದಾಡಿದವರು ಒಬ್ಬ ಜಪಾನಿ, ಒಬ್ಬ ಥಾಯ್. ಜಪಾನಿನ ಹಿರೋಕಿ ಇಯೋಕಾ ಗೆದ್ದ. ಮರುವರ್ಷವೇ ಥಾಯ್ಲೆಂಡಿನ ನಾಪಾ ಕಿಯತ್ವಾಂಚಾಯ್ ಅವನಿಂದ ಅದನ್ನು ಕಿತ್ತುಕೊಂಡ. ಅಂದಿನಿಂದ ಇದು ಏಷ್ಯಾದವರೂ ಲ್ಯಾಟಿನ್ ಅಮೆರಿಕದವರೂ ಆಳುತ್ತಿರುವ ತೂಕ. ಅಮೆರಿಕದ ಟೀವಿಯವರಿಗೆ ಇದರ ಮೇಲೆ ಅಷ್ಟಾಗಿ ಆಸೆಯಿಲ್ಲ. ಕಾರಣ ಸರಳ: ಅಲ್ಲಿ ಆ ಮೈಕಟ್ಟಿನ ಗಂಡಸರು ಸಿಗುವುದೇ ಅಪರೂಪ, ಮನೆಯ ಹುಡುಗ ಇಲ್ಲದ ಆಟಕ್ಕೆ ಮನೆಯವರು ಟಿಕೆಟ್ ಕೊಳ್ಳುವುದಿಲ್ಲ. ನಿಮ್ಮ ಪ್ರಶ್ನೆಯ "ಯಾರ ಬಾಯಲ್ಲೂ ಯಾಕಿಲ್ಲ" ಎಂಬ ಭಾಗಕ್ಕೆ ಮುಖ್ಯ ಉತ್ತರ ಇದೇ. ಆಟದ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮ್ಮಲ್ಲೂ ಅಷ್ಟೇ. ಟೂರ್ನಿಗಳಲ್ಲಿ ಬೆಳಿಗ್ಗೆ ಹಗುರ ತೂಕದವರಿಂದ ಶುರು ಮಾಡುತ್ತಾರೆ, ಆಗ ಕುರ್ಚಿಗಳೆಲ್ಲ ಖಾಲಿ. ಜನ ಟೀ ಕುಡಿದು ಬರುವಷ್ಟರಲ್ಲಿ ದಿನದ ಒಳ್ಳೆಯ ಮೂರು ಬೌಟ್ ಮುಗಿದಿರುತ್ತವೆ. ರಿಂಗಿನ ಪಕ್ಕ ಕೂತು ಬಹಳ ಸಲ ಹೊಟ್ಟೆ ಉರಿಸಿಕೊಂಡಿದ್ದೇನೆ. ಈ ಹುಡುಗರ ಒಂದು ರೌಂಡಿನಲ್ಲಿ ಬೀಳುವಷ್ಟು ಹೊಡೆತ ಹೆವಿವೇಟ್‌ನ ಮೂರು ರೌಂಡಿನಲ್ಲೂ ಬೀಳುವುದಿಲ್ಲ. ಇನ್ನು ಸೊಳ್ಳೆ ಎನ್ನುವವರು ಒಮ್ಮೆ ಗ್ಲೌಸ್ ಹಾಕಿ ಎದುರು ನಿಲ್ಲಲಿ, ಕಡಿತ ಗೊತ್ತಾಗುತ್ತದೆ.

ಇನ್ನು ಆ 54. ಇಲ್ಲಿ ನಿಮ್ಮ ಗೆಳೆಯನ ಮಾತಿಗೆ ತೂಕವಿದೆ.

ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನ ಅಂತ ಇರುತ್ತದೆ. ಹಿರಿಯರು ಕೂತು ಯಾರಿಗೆ ಯಾರು ಎಂದು ತೀರ್ಮಾನಿಸುತ್ತಾರೆ. ಜೋಡಿ ಸಮ ಇಲ್ಲದಿದ್ದರೆ ಅಲ್ಲೇ ಗಲಾಟೆ. ವೃತ್ತಿಪರ ಬಾಕ್ಸಿಂಗಿನಲ್ಲೂ ಜೋಡಿ ಕಟ್ಟುವವನು ಒಬ್ಬ ಇರುತ್ತಾನೆ, ಆದರೆ ಅವನಿಗೆ ಸಂಬಳ ಸಿಗುವುದೇ ಇಬ್ಬರಲ್ಲಿ ಒಬ್ಬನ ಕಡೆಯಿಂದ! ಕ್ರಿಕೆಟ್ಟಿನ ಹಾಗೆ ಇಲ್ಲಿ ವೇಳಾಪಟ್ಟಿ ಯಾರೂ ಮಾಡಿಕೊಡುವುದಿಲ್ಲ. ಹುಡುಗನಲ್ಲಿ ಕಸುವಿದೆ ಅನ್ನಿಸಿದರೆ ಪ್ರವರ್ತಕ, ಅಂದರೆ ಪಂದ್ಯ ಏರ್ಪಡಿಸುವವನು, ಅವನಿಗೆ ಮೆಟ್ಟಿಲು ಕಟ್ಟುತ್ತಾನೆ. ಮೊದಲ ಹತ್ತು ಹದಿನೈದು ಮೆಟ್ಟಿಲು ಎಂದರೆ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಗಿರುವ, ವಿಮಾನದ ಟಿಕೆಟ್ಟು ಮತ್ತು ಒಂದಿಷ್ಟು ಕಾಸಿಗೆ ಬರುವ ಪರದೇಶದ ಬಾಕ್ಸರ್‌ಗಳು. ಥಾಯ್ಲೆಂಡಿನಲ್ಲಿ ಈ ಪದ್ಧತಿ ಇನ್ನೂ ಗಟ್ಟಿ. ಚಾಂಪಿಯನ್ ಆದ ಮೇಲೂ ಎರಡು ಬೆಲ್ಟ್ ಕಾದಾಟಗಳ ನಡುವೆ ಕೈ ತುಕ್ಕು ಹಿಡಿಯದಿರಲಿ ಎಂದು ಒಂದೊಂದು ಸುಲಭದ ಬೌಟ್ ಆಡಿಸುತ್ತಾರೆ. ಅದೂ ಲೆಕ್ಕಕ್ಕೆ ಸೇರುತ್ತದೆ. 2007ರಲ್ಲಿ ವೃತ್ತಿಗಿಳಿದ ವಾನ್‌ಹೆಂಗ್‌ಗೆ ವಿಶ್ವ ಪಟ್ಟದ ಅವಕಾಶ ಬಂದದ್ದು 2014ರ ನವೆಂಬರಿನಲ್ಲಿ. ಅಷ್ಟರಲ್ಲಿ ಅವನ ಖಾತೆಯಲ್ಲಿ ಮೂವತ್ತಕ್ಕೂ ಹೆಚ್ಚು ಗೆಲುವು ಕೂತಿದ್ದವು. ಆ ಮೂವತ್ತರ ಬಗ್ಗೆ ನಾನು ವಕಾಲತ್ತು ಮಾಡುವುದಿಲ್ಲ.

ಆದರೆ ಇದೇ ಕೋಲಿನಿಂದ ಉಳಿದವರನ್ನೂ ಅಳೆಯಬೇಕಲ್ಲ? ಮೇವೆದರ್‌ನ 50ನೇ ಗೆಲುವು 2017ರ ಆಗಸ್ಟಿನಲ್ಲಿ ಮಿಶ್ರ ಸಮರ ಕಲೆಯ (ಎಂಎಂಎ) ಆಟಗಾರ ಕಾನರ್ ಮೆಕ್‌ಗ್ರೆಗರ್ ವಿರುದ್ಧ ಬಂತು. ಅಲ್ಲಿಯವರೆಗೆ ಮೆಕ್‌ಗ್ರೆಗರ್ ಒಂದೇ ಒಂದು ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿದವನಲ್ಲ. ಎಂಟು ತಿಂಗಳ ನಂತರ, 2018ರ ಮೇ 2ರಂದು ನಖೋನ್ ರಾಚಸೀಮಾದಲ್ಲಿ ವಾನ್‌ಹೆಂಗ್ ತನ್ನ 50ನೆಯದನ್ನು ಗೆದ್ದಾಗ ಎದುರಿಗಿದ್ದವನು ಪನಾಮಾದ ಲೆರಾಯ್ ಎಸ್ತ್ರಾದಾ, ಕೊನೇಪಕ್ಷ ಅದೇ ಕಸುಬಿನವನು. ಐದನೇ ರೌಂಡಿಗೆ ಆಟ ಮುಗಿಯಿತು. ಬರೀ 50ನೇ ಗೆಲುವನ್ನು ಪಕ್ಕಪಕ್ಕ ಇಟ್ಟರೆ ಥಾಯ್ ಹುಡುಗನದ್ದೇ ಮೇಲು. ಇಡೀ ಪಟ್ಟಿ ಇಟ್ಟರೆ ಮಾತು ಬೇರೆ. ಮೇವೆದರ್ ಪಟ್ಟಿಯಲ್ಲಿ ದೆ ಲಾ ಹೋಯಾ, ಕೊಟ್ಟೋ, ಕನೆಲೊ, ಪ್ಯಾಕಿಯಾವ್ ಇದ್ದಾರೆ. ಅಂಥ ಹೆಸರುಗಳು ವಾನ್‌ಹೆಂಗ್ ಬಳಿ ಇಲ್ಲ. ಇನ್ನೊಂದು, 54-0 ಎನ್ನುವುದು ಯಾವ ಅಧಿಕೃತ ದಾಖಲೆಯೂ ಅಲ್ಲ. ಮೆಕ್ಸಿಕೋದ ಹೂಲಿಯೊ ಸೀಸರ್ ಚಾವೇಸ್ 1993ರಲ್ಲಿ ಮೊದಲ ಡ್ರಾ ಕಾಣುವ ಮುನ್ನ ಸತತ 87 ಗೆದ್ದಿದ್ದ. "ಮೇವೆದರ್ ದಾಖಲೆ ಮುರಿದ ಥಾಯ್" ಎಂಬುದು ಪತ್ರಿಕೆಯವರಿಗೆ ಬೇಕಾಗಿದ್ದ ತಲೆಬರಹ ಅಷ್ಟೇ.

ಹಾಗಾದರೆ ಆ ಕಾಲು ಭಾಗ ಯಾವುದು?

2014ರಲ್ಲಿ ಚೊನ್‌ಬುರಿಯಲ್ಲಿ ಮೆಕ್ಸಿಕೋದ ಓಸ್ವಾಲ್ಡೊ ನೊವೋವಾನನ್ನು ಒಂಬತ್ತು ರೌಂಡ್ ಜಜ್ಜಿದ. ಹತ್ತನೆಯದಕ್ಕೆ ಆತ ಸ್ಟೂಲಿನಿಂದ ಏಳಲಿಲ್ಲ. ಅಲ್ಲಿ ಸಿಕ್ಕಿದ್ದು ಡಬ್ಲ್ಯೂಬಿಸಿಯ ಹಸಿರು ಬೆಲ್ಟ್. ನಂತರ ಐದು ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಸಲ ಅದನ್ನು ಉಳಿಸಿಕೊಂಡ. ಅಷ್ಟು ಹೆಸರಲ್ಲಿ ಮೂರನ್ನು ಎತ್ತಿ ಹೇಳುತ್ತೇನೆ. 2017ರ ಜನವರಿಯಲ್ಲಿ ಬಂದವನು ಫಿಲಿಪ್ಪೀನ್ಸಿನ ಮೆಲ್ವಿನ್ ಜೆರುಸಲೇಮ್. ಹನ್ನೊಂದಕ್ಕೆ ಹನ್ನೊಂದು ಗೆದ್ದಿದ್ದ ಹುಡುಗ. ವಾನ್‌ಹೆಂಗ್ ಕೂದಲೆಳೆಯಲ್ಲಿ ಪಾರಾದ. ಅದೇ ವರ್ಷ ನವೆಂಬರಿನಲ್ಲಿ ಜಪಾನಿನ ತತ್ಸುಯಾ ಫುಕುಹಾರಾ, ಇನ್ನೊಂದು ಸಂಸ್ಥೆಯ ಮಾಜಿ ಚಾಂಪಿಯನ್. 2018ರ ಆಗಸ್ಟಿನಲ್ಲಿ ಇನ್ನೊಬ್ಬ ಫಿಲಿಪಿನೊ, ಪೆಡ್ರೊ ತಡುರಾನ್. ಈತ ಮರುವರ್ಷವೇ ಐಬಿಎಫ್ ಬೆಲ್ಟ್ ಗೆದ್ದ, 2024ರಲ್ಲಿ ಜಪಾನಿಗೆ ಹೋಗಿ ಮತ್ತೊಮ್ಮೆ ಗೆದ್ದ. ಜೆರುಸಲೇಮ್ 2023ರಲ್ಲಿ ಒಸಾಕಾದಲ್ಲಿ ಡಬ್ಲ್ಯೂಬಿಒ ಚಾಂಪಿಯನ್ ಆದ. ಅಂದರೆ ಹಿಂದೆ ಪಟ್ಟ ಕಂಡವನೂ ಮುಂದೆ ಕಾಣುವವರೂ ಈ ಪಟ್ಟಿಯಲ್ಲಿದ್ದಾರೆ. ಸೋಲಲೆಂದೇ ಕರೆಸಿದವರು ಹೀಗಿರುವುದಿಲ್ಲ.

ಆತ ಆಡುತ್ತಿದ್ದ ರೀತಿ ಹೇಳದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ. ದೃಶ್ಯ ಹೀಗಿರುತ್ತದೆ: ಯಾವುದೋ ಪ್ರಾಂತ್ಯದ ಸರ್ಕಾರಿ ಕಚೇರಿಯ ಮುಂದಿನ ಮೈದಾನ, ಮೇಲೆ ಶಾಮಿಯಾನ, ಹಾಡುಹಗಲು. ಮುಂದಿನ ಸಾಲಿನಲ್ಲಿ ಖಾಕಿ ಸಮವಸ್ತ್ರದ ಅಧಿಕಾರಿಗಳು, ಹಿಂದೆ ಊರ ಜನ, ಟೀವಿಯಲ್ಲಿ ನೇರ ಪ್ರಸಾರ. ಥಾಯ್ಲೆಂಡಿನಲ್ಲಿ ವಿಶ್ವ ಪಟ್ಟದ ಕಾದಾಟ ಅಂದರೆ ಬಹಳಷ್ಟು ಸಲ ನಮ್ಮ ಊರ ಜಾತ್ರೆಯ ಹಾಗೆಯೇ. ಕ್ಯಾನ್ವಾಸ್ ಕಾದ ಕಾವಲಿ. ತಣ್ಣನೆಯ ದೇಶದಿಂದ ಬಂದವನು ನಾಲ್ಕನೇ ರೌಂಡಿಗೆ ಬಾಯಿ ತೆರೆದು ಉಸಿರಾಡತೊಡಗುತ್ತಾನೆ. ಮೂಲೆಯಲ್ಲಿ ಕುತ್ತಿಗೆಗೆ ಐಸ್ ಇಟ್ಟರೂ ಅಷ್ಟೇ. ವಾನ್‌ಹೆಂಗ್‌ನ ಆಟ ಈ ಬಿಸಿಲಿಗೆಂದೇ ಹೇಳಿ ಮಾಡಿಸಿದ್ದು. ಕುಳ್ಳ, ತೋಳು ಗಿಡ್ಡ. ಆದ್ದರಿಂದ ದೂರ ನಿಂತು ಆಡುವ ಪ್ರಶ್ನೆಯೇ ಇಲ್ಲ. ಎರಡು ಕೈಯನ್ನೂ ಕೆನ್ನೆಗೆ ಅಂಟಿಸಿಕೊಂಡು, ಗಲ್ಲ ಎದೆಗೆ ಒತ್ತಿ, ಅವಸರವಿಲ್ಲದೆ ಒಂದೊಂದೇ ಹೆಜ್ಜೆ ಮುಂದಿಡುತ್ತಾನೆ. ಎದುರಾಳಿಯ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಗ್ಲೌಸ್ ಮೇಲೆ ಬೀಳುತ್ತದೆ, ಈತನ ಬಲಗೈ ಅದರ ಮೇಲಿಂದ ಹೋಗುತ್ತದೆ, ಹಿಂದೆಯೇ ಎಡಗೈ ಪಕ್ಕೆಗೆ. ಮತ್ತೆ ಪಕ್ಕೆಗೆ. ನೋಡಲು ಏನೂ ಸೊಗಸಿಲ್ಲ. ನೆಲ ಅಗೆಯುವವನ ಲಯ ಅದು. ಎಂಟನೇ ರೌಂಡಿಗೆ ಎದುರಾಳಿಯ ಮೊಣಕೈ ತಾನಾಗಿಯೇ ಕೆಳಗಿಳಿದಿರುತ್ತದೆ, ಪಕ್ಕೆ ಕಾಯಲು.

ಇದರಲ್ಲಿ ಒಂದು ಪಾಲು ಮುಯ್ ಥಾಯ್ ಕೊಟ್ಟದ್ದು. ಥಾಯ್ ಬಾಕ್ಸರ್‌ಗಳಲ್ಲಿ ಹೆಚ್ಚಿನವರ ಹಾಗೆ ಈತನೂ ಮೊದಲು ಒದೆತ, ಮೊಣಕಾಲು, ಮೊಣಕೈಯ ಆ ಆಟದಿಂದಲೇ ಬಂದವನು. ಬಾಲ್ಯದಿಂದ ಅದನ್ನು ಆಡಿದವನಿಗೆ ಎರಡು ಸಿಗುತ್ತವೆ: ಅಪ್ಪಿ ಹಿಡಿದಾಗ ಅಲುಗದ ಸೊಂಟ, ಮತ್ತು ಹೊಡೆತ ಬಿದ್ದರೂ ಮುಖದಲ್ಲಿ ತೋರಿಸದ ಅಭ್ಯಾಸ. ಒಂದು ತೊಡಕೂ ಉಂಟು. ಒದೆತ ತಡೆಯಲು ಮುಂಗಾಲು ಸದಾ ಹಗುರ ಇಟ್ಟು ನೆಟ್ಟಗೆ ನಿಲ್ಲುವುದು ರೂಢಿಯಾಗಿರುತ್ತದೆ, ಬಾಕ್ಸಿಂಗಿಗೆ ಬಂದಾಗ ಅದನ್ನು ಮರೆಯಬೇಕು. ಕೆಲವರು ಕೊನೆಯವರೆಗೂ ಮರೆಯುವುದಿಲ್ಲ. ವಾನ್‌ಹೆಂಗ್ ಮರೆತಿದ್ದ. ಮರೆಯದೇ ಉಳಿದ ಕೊರತೆ ಬೇರೆ, ಒಂದೇ ಏಟಿಗೆ ಮಲಗಿಸುವ ಶಕ್ತಿ ಅವನಲ್ಲಿರಲಿಲ್ಲ. 54ರಲ್ಲಿ 18 ಮಾತ್ರ ನಾಕೌಟ್. ಉಳಿದದ್ದೆಲ್ಲ ತೀರ್ಪುಗಾರರ ಅಂಕಕ್ಕೆ ಹೋದದ್ದು. ಎಲ್ಲವೂ ನಡೆದದ್ದು ತನ್ನ ದೇಶದಲ್ಲೇ.

ನನ್ನ ನಿಜವಾದ ತಕರಾರು ಇಲ್ಲಿದೆ. ತೂಕವೂ ಅಲ್ಲ, ಮೊದಲ ಮೂವತ್ತು ಬೌಟ್‌ಗಳೂ ಅಲ್ಲ. ಚಾಂಪಿಯನ್ ಆದ ಮೇಲೆ ಐದು ವರ್ಷ ಅವನು ಗಡಿ ದಾಟಲಿಲ್ಲ, ತೂಕವನ್ನೂ ಬದಲಿಸಲಿಲ್ಲ. ಇದೇ ವರ್ಗದಲ್ಲಿ ಅವನಿಗಿಂತ ಮುಂಚೆ ಇದ್ದ ಮೆಕ್ಸಿಕೋದ ರಿಕಾರ್ಡೊ ಲೋಪೆಸ್‌ನನ್ನು ನೋಡಿ. 1990ರಲ್ಲಿ ಟೋಕಿಯೋಗೆ ಹೋಗಿ ಬೆಲ್ಟ್ ಕಿತ್ತುಕೊಂಡು ಬಂದ. 21 ಸಲ ಕಾಪಾಡಿಕೊಂಡ, ಅದರಲ್ಲಿ ಕೊರಿಯಾಕ್ಕೂ ಹೋಗಿ ಆಡಿದ. ಕೊನೆಗೆ ಮೇಲಿನ ತೂಕಕ್ಕೆ ಹತ್ತಿ ಅಲ್ಲೂ ಒಂದು ಪಟ್ಟ ಗೆದ್ದು, 51 ಗೆಲುವು, ಒಂದು ಡ್ರಾ, ಸೋಲಿಲ್ಲದೆ ನಿವೃತ್ತನಾದ. 54 ದೊಡ್ಡದೋ 51 ದೊಡ್ಡದೋ ಎಂದು ಬಾಕ್ಸಿಂಗ್ ಬಲ್ಲವರನ್ನು ಕೇಳಿದರೆ ಯೋಚಿಸದೇ 51 ಅನ್ನುತ್ತಾರೆ.

ಗಡಿ ದಾಟುವುದು ಒತ್ತಟ್ಟಿಗಿರಲಿ, ಊರಲ್ಲೇ ಇದ್ದ ಜೋಡಿಯನ್ನೂ ಕಟ್ಟಲಿಲ್ಲ. ನಾಕೌಟ್ ಸಿಪಿ ಫ್ರೆಶ್‌ಮಾರ್ಟ್ ಅಂತ ಒಬ್ಬನಿದ್ದ. ಹೌದು, ಅದು ಮನುಷ್ಯನ ಹೆಸರು. ನಿಜನಾಮ ಥಮ್ಮನೂನ್ ನಿಯೋಮ್‌ತ್ರೊಂಗ್. 2016ರಿಂದ ಡಬ್ಲ್ಯೂಬಿಎ ಚಾಂಪಿಯನ್, ಅದೇ 47.6 ಕಿಲೋ, ಅವನೂ ಸೋಲು ಕಾಣದವನು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಂದೇ ದೇಶದಲ್ಲಿ, ಒಂದೇ ತೂಕದಲ್ಲಿ, ಸೋಲಿಲ್ಲದ ಇಬ್ಬರು ವಿಶ್ವ ಚಾಂಪಿಯನ್‌ಗಳು! ಅವರಿಬ್ಬರನ್ನು ಒಂದೇ ರಿಂಗಿಗೆ ಇಳಿಸಿದ್ದರೆ ಈ ತೂಕದ ಇತಿಹಾಸದಲ್ಲೇ ದೊಡ್ಡ ಕಾದಾಟವಾಗುತ್ತಿತ್ತು. ಇಳಿಸಲಿಲ್ಲ. ಈಗ ಸುಟ್ಟ ಕೋಳಿಯ ಕಂಪನಿಯನ್ನು ನೆನಪಿಸಿಕೊಳ್ಳಿ: ಫೈವ್ ಸ್ಟಾರೂ ಸಿಪಿಯದ್ದೇ, ಫ್ರೆಶ್‌ಮಾರ್ಟೂ ಸಿಪಿಯದ್ದೇ. ಎರಡು ಬೆಲ್ಟ್ ಮನೆಯಲ್ಲಿರುವಾಗ ಒಂದನ್ನು ಇನ್ನೊಂದಕ್ಕೆ ಪಣವಿಡಲು ಯಾವ ವ್ಯಾಪಾರಿಗೂ ಮನಸ್ಸು ಬರುವುದಿಲ್ಲ ಎಂಬುದು ನನ್ನ ಊಹೆ. ನಾಕೌಟ್ ಕೊನೆಗೆ ಸೋತದ್ದು 2024ರ ನವೆಂಬರಿನಲ್ಲಿ, ರಿಯಾದ್‌ನಲ್ಲಿ, ಪೋರ್ಟೊರಿಕೋದ ಆಸ್ಕರ್ ಕೊಲಾಸೊ ಕೈಯಲ್ಲಿ.

ಸೊನ್ನೆಗೆ ಅಷ್ಟೊಂದು ಬೆಲೆ ಕೊಡುವವರಿಗೆ ನಾನು ಇನ್ನೊಬ್ಬ ಥಾಯ್ ಬಾಕ್ಸರನ ಖಾತೆ ತೋರಿಸುತ್ತೇನೆ. ಶ್ರೀಸಾಕೆತ್ ಸೊರ್ ರುಂಗ್‌ವಿಸಾಯ್. ಬ್ಯಾಂಕಾಕಿನಲ್ಲಿ ಕಸ ಎತ್ತಿ, ಕಾವಲು ಕಾದು ಬದುಕಿದ್ದವನು. 2009ರಲ್ಲಿ ಮೊದಲ ಬೌಟಿಗೇ ಜಪಾನಿಗೆ ಕಳಿಸಿದರು, ಸೋಲಲೆಂದೇ. ಸೋತ. ಮೊದಲ ಐದರಲ್ಲಿ ಮೂರು ಸೋಲು, ಒಂದು ಡ್ರಾ, ಒಂದೇ ಗೆಲುವು. ಅವನಿಗೆ ಮೆಟ್ಟಿಲು ಕಟ್ಟುವುದಿರಲಿ, ಅವನೇ ಬೇರೆಯವರ ಮೆಟ್ಟಿಲಾಗಿದ್ದ. ಅದೇ ಶ್ರೀಸಾಕೆತ್ 2017ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, 46ಕ್ಕೆ 46 ಗೆದ್ದಿದ್ದ ನಿಕರಾಗುವಾದ ರೊಮಾನ್ ಗೊನ್ಸಾಲೆಸ್‌ನನ್ನು ಸೋಲಿಸಿದ. ತೀರ್ಪಿನ ಬಗ್ಗೆ ಗೊಣಗಾಟ ಬಂತು. ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಎದುರಾಗಿ ನಾಲ್ಕನೇ ರೌಂಡಿಗೆ ಮಲಗಿಸಿದ, ಗೊಣಗಾಟ ನಿಂತಿತು. ವಾನ್‌ಹೆಂಗ್, ಶ್ರೀಸಾಕೆತ್ ಇಬ್ಬರಲ್ಲಿ ಯಾರು ದೊಡ್ಡವರು ಎಂದರೆ ನನ್ನ ಮತ ಶ್ರೀಸಾಕೆತ್‌ಗೆ. ಥಾಯ್ಲೆಂಡಿನವರೇ ಆದ, 19 ಸಲ ಪಟ್ಟ ಉಳಿಸಿಕೊಂಡ ಖಾವೊಸಾಯ್ ಗ್ಯಾಲಕ್ಸಿಯೂ, 17 ಸಲ ಉಳಿಸಿಕೊಂಡು, ಸೋತು, ಮತ್ತೆ ಟೋಕಿಯೋಗೇ ಹೋಗಿ ಗೆದ್ದು ತಂದ ಪೊಂಗ್‌ಸಕ್ಲೆಕ್ ವೊಂಜೊಂಗ್‌ಕಾಮ್‌ನೂ ಅದಕ್ಕಿಂತ ಮೇಲೆ. ವಾನ್‌ಹೆಂಗ್ ಇವರ ನಂತರದ ಸಾಲಿನಲ್ಲಿ ಮೊದಲಿಗ. ಅದೇನೂ ಸಣ್ಣ ಜಾಗವಲ್ಲ.

ಕೊನೆಗೆ ಆ ಸೊನ್ನೆ ಅಳಿಸಿಹೋದ ದಿನ. 2019ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದ ಸಿಂಫೀವೆ ಖೊಂಕೊನನ್ನು ಸೋಲಿಸಿ 54 ಮುಟ್ಟಿದ. ಆಮೇಲೆ ಕೊರೊನಾ. 2020ರ ಜೂನಿನಲ್ಲಿ ಫೇಸ್‌ಬುಕ್ಕಿನಲ್ಲಿ ನಿವೃತ್ತಿ ಎಂದು ಬರೆದ, ಕೆಲವೇ ದಿನದಲ್ಲಿ ಮಾತು ಹಿಂತೆಗೆದುಕೊಂಡ. ಅಲ್ಲೇ ನಿಲ್ಲಿಸಿದ್ದರೆ ನೀವು ಇವತ್ತು 54-0 ಎಂದೇ ಬರೆಯುತ್ತಿದ್ದಿರಿ. ನವೆಂಬರ್ 27ರಂದು ನಖೋನ್ ಸವಾನ್‌ನಲ್ಲಿ, ನಮ್ಮ ಬಾಯಲ್ಲಿ ಅದು ನಗರ ಸ್ವರ್ಗ, ತನ್ನದೇ ದೇಶದ ಪನ್ಯಾ ಪ್ರದಬ್‌ಸ್ರಿ ಎದುರು ಇಳಿದ. ವಯಸ್ಸು ಆಗ 35. ಈ ತೂಕದಲ್ಲಿ ಅದು ಮುದಿ ವಯಸ್ಸೇ, ಕೈಗಿಂತ ಮೊದಲು ಕಾಲು ಸೋಲುತ್ತದೆ.

ಅಂಕಪಟ್ಟಿ ನೋಡಿ. ಮೂವರು ತೀರ್ಪುಗಾರರೂ 115-113 ಎಂದು ಪನ್ಯಾಗೆ ಕೊಟ್ಟರು. ಒಂದು ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಹನ್ನೆರಡರಲ್ಲಿ ಏಳು ಗೆದ್ದರೆ 115, ಐದು ಗೆದ್ದರೆ 113. ಇಬ್ಬರು ತೀರ್ಪುಗಾರರ ಹಾಳೆಯಲ್ಲಿ ಒಂದೇ ಒಂದು ರೌಂಡ್ ಆಚೆಯಿಂದ ಈಚೆ ಬಂದಿದ್ದರೆ 114-114, ಡ್ರಾ. ಡ್ರಾ ಆದರೆ ಬೆಲ್ಟ್ ಚಾಂಪಿಯನ್ ಬಳಿಯೇ ಉಳಿಯುತ್ತದೆ. ಅಷ್ಟು ಹತ್ತಿರ. 2022ರ ಮಾರ್ಚಿನಲ್ಲಿ ಮರು ಪಂದ್ಯ ಸಿಕ್ಕಿತು, ಅಲ್ಲಿ ಯಾವ ಕೂದಲೆಳೆಯೂ ಇರಲಿಲ್ಲ. ಪನ್ಯಾ ಸಲೀಸಾಗಿ ಗೆದ್ದ.

ನಿಮ್ಮ ಗೆಳೆಯನಿಗೆ ಇದೊಂದನ್ನು ತಪ್ಪದೆ ತಿಳಿಸಿ. ಪನ್ಯಾ 2023ರ ಅಕ್ಟೋಬರಿನಲ್ಲಿ ಆ ಹಸಿರು ಬೆಲ್ಟನ್ನು ಜಪಾನಿನ ಯುದಾಯ್ ಶಿಗೆಒಕಾಗೆ ಬಿಟ್ಟುಕೊಟ್ಟ. 2024ರ ಮಾರ್ಚ್ 31ರಂದು ನಗೋಯಾದಲ್ಲಿ ಶಿಗೆಒಕಾನನ್ನು ಎರಡು ಸಲ ಕೆಳಗುರುಳಿಸಿ ಅದನ್ನು ಕಟ್ಟಿಕೊಂಡವನು ಮೆಲ್ವಿನ್ ಜೆರುಸಲೇಮ್. ಏಳು ವರ್ಷ ಹಿಂದೆ ಅದೇ ಬೆಲ್ಟಿಗಾಗಿ ಥಾಯ್ಲೆಂಡಿಗೆ ಬಂದು, ವಾನ್‌ಹೆಂಗ್ ಕೈಯಲ್ಲಿ ಸೋತು, ಬರಿಗೈಯಲ್ಲಿ ಮನೆಗೆ ಹೋಗಿದ್ದ ಹುಡುಗ.